ಪ್ರತಿ ಬೆಳಿಗ್ಗೆ ಮರೆಯುವ ಯಂತ್ರ

ಬಾಗಿಲ ಮೇಲಿನ ಕೆಂಪು ದೀಪ ಉರಿಯುತ್ತಿದ್ದರೆ ಯಾರೂ ಒಳಗೆ ಕಾಲಿಡಬಾರದು. ಅದು ಆ ಕಟ್ಟಡದ ಕಟ್ಟಳೆ. ಬಾಗಿಲಿಗೆ ಒಳಗೂ ಹೊರಗೂ ದಪ್ಪ ಮೆತ್ತೆ ಹೊಡೆದಿದ್ದರಿಂದ ತಟ್ಟಿದರೂ ಕೇಳಿಸುತ್ತಿರಲಿಲ್ಲ.

ಅವಳು ದೀಪ ಆರಿಸುವುದನ್ನೇ ಮರೆತು, ಮೇಲಿನ ಮಹಡಿಗೆ ಫೋನ್ ಮಾಡಿ ಕೂಗಾಡುತ್ತಿದ್ದಳು.

"ಬೆಳಿಗ್ಗೆಯಿಂದ ಕಾಯ್ತಾ ಇದೀನಿ. ನಿಮ್ಮ ಕಡೆಯವರು ಒಬ್ರೂ ಬಂದಿಲ್ಲ."

"ಬಂದಿದಾನಲ್ಲಮ್ಮ," ಎಂದಿತು ಆ ಕಡೆಯ ಹೆಣ್ಣುದನಿ, ಆಕಳಿಸಿದ ಹಾಗೆ. "ನಿಮ್ಮ ಬಾಗಿಲ ಹೊರಗೇ ನಿಂತಿದಾನೆ. ದೀಪ ಯಾವಾಗ ಆರತ್ತೆ ಅಂತ ಈಗಷ್ಟೇ ಫೋನ್ ಮಾಡಿ ನನ್ನನ್ನ ಕೇಳಿದ."

ಅವಳು ಎದ್ದು ಹೋಗಿ ಬಾಗಿಲು ತೆಗೆದಳು. ತರಗತಿಯಿಂದ ಆಚೆ ನಿಲ್ಲಿಸಿದ ಹುಡುಗನ ಹಾಗೆ ಗೋಡೆಗೆ ಒರಗಿ ಒಬ್ಬ ನಿಂತಿದ್ದ. ಹುಡುಗನೇನಲ್ಲ, ಕಿವಿಯ ಪಕ್ಕ ಒಂದೆರಡು ಬೆಳ್ಳಿ ಎಳೆ ಇಣುಕಿದ್ದವು.

"ಎಷ್ಟು ಹೊತ್ತಾಯ್ತು ಬಂದು?"

"ತಿಂಡಿ ತಿಂದುಕೊಂಡು ಬಂದಿದ್ದೆ. ಈಗ ಮತ್ತೆ ಹಸಿವಾಗ್ತಿದೆ."

ಅವಳು ನಗಲಿಲ್ಲ. ನಗುವ ಸ್ಥಿತಿಯಲ್ಲಿರಲಿಲ್ಲ.

ಅಲ್ಲಿ ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ, ಧ್ವನಿಮುದ್ರಣ ಮಾಡುತ್ತಿದ್ದರು. ಓದುವವರು ಬಂದು ಗಾಜಿನಾಚೆ ಕೂತು ಓದಿ ಹೋಗುತ್ತಿದ್ದರು. ಅವರ ಕೆಮ್ಮು, ತೊದಲು, ಪುಟ ಮಗುಚುವ ಸದ್ದು, ಬಾಯಿ ಒಣಗಿದಾಗಿನ ಚಪ್ಪರಿಕೆ, ಎಲ್ಲವನ್ನೂ ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿ ತೆಗೆಯುವುದು ಅವಳ ಕೆಲಸ. ಕಚೇರಿಯಲ್ಲಿ ಅವಳಿಗೆ ಕತ್ತರಿ ಎಂದೇ ಹೆಸರು, ಯಂತ್ರ ನೋಡಿಕೊಳ್ಳುವ ಮೇಲಿನ ಮಹಡಿಯವರಿಗೆ ಸಿಸ್ಟಂ ಎಂದು. ಉಸಿರನ್ನು ಮಾತ್ರ ಅವಳು ಪೂರ್ತಿ ತೆಗೆಯುತ್ತಿರಲಿಲ್ಲ. ಉಸಿರಿಲ್ಲದ ಓದು ಗೋಡೆ ಮಾತಾಡಿದ ಹಾಗಿರುತ್ತದೆ ಎನ್ನುವಳು. ಕಣ್ಣು ಮುಚ್ಚಿ ಕೇಳಿ ಕೇಳಿ, ಯಾರ ಉಸಿರು ಯಾವ ಮಾತಿಗೆ ಮುಂಚೆ ಹೇಗೆ ತಿರುಗುತ್ತದೆ ಎನ್ನುವುದೆಲ್ಲ ಅವಳಿಗೆ ಅಂಗೈಗೆರೆಯಾಗಿತ್ತು.

ಹಿಂದಿನ ದಿನ ನಿವೃತ್ತ ಮೇಷ್ಟ್ರೊಬ್ಬರು ಓದಿದ್ದ ಅಧ್ಯಾಯವನ್ನು ಹೊಸದಾಗಿ ಬಂದ ಪ್ರೋಗ್ರಾಂನಲ್ಲಿ ಕೂತು ಚೊಕ್ಕ ಮಾಡಿದ್ದಳು. ಬೆಳಿಗ್ಗೆ ನೋಡಿದರೆ ಮಾಡಿದ್ದರ ಒಂದು ಚೂರೂ ಇಲ್ಲ.

ಅವನು ಕುರ್ಚಿ ಎಳೆದು ಕೂತ. ಪರದೆಯ ಮೇಲಿನ ಕಪ್ಪು ಕಿಟಕಿಯನ್ನು, ಅದೇ ಟರ್ಮಿನಲ್ ಎನ್ನುತ್ತಾರಲ್ಲ ಅದನ್ನು, ತೆರೆದು ಏನೋ ಕೇಳಿದ. ಅದು ಏನೋ ಹೇಳಿತು.

"ಮಾಡಿದ್ದನ್ನ ಎಲ್ಲಿಡ್ಬೇಕು ಅಂತ ಇದಕ್ಕೆ ಯಾರೂ ಹೇಳಿಲ್ಲ," ಎಂದ. "ಹೇಳದಿದ್ರೆ ತಾತ್ಕಾಲಿಕ ಜಾಗದಲ್ಲಿ ಇಟ್ಕೊಳ್ಳತ್ತೆ. ಯಂತ್ರ ಆಫ್ ಮಾಡಿದ ತಕ್ಷಣ ಆ ಜಾಗ ಗುಡಿಸಿಬಿಡತ್ತೆ."

"ಗುಡಿಸ್ಲಾ ಅಂತ ಒಂದು ಮಾತು ಕೇಳ್ಬಾರ್ದಾ?"

"ಕೇಳೋ ಅಭ್ಯಾಸ ಇಲ್ಲ ಅದಕ್ಕೆ. ಹೇಳಿದ್ದನ್ನೂ ಮಾಡತ್ತೆ, ಹೇಳದೇ ಇದ್ದದ್ದನ್ನೂ ಮಾಡತ್ತೆ." ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದ. "ಈಗ ಎಲ್ಲಿಡ್ಬೇಕು ಅಂತ ಹೇಳಿದೀನಿ. ಆದ್ರೆ ಈ ಕಿಟಕಿ ಮುಚ್ಚೋ ತನಕ ಮಾತ್ರ ನೆನಪಿರತ್ತೆ."

"ಮುಚ್ಚಿದ್ಮೇಲೆ?"

"ಮುಚ್ಚಿದ್ಮೇಲೆ ನಾನ್ಯಾರೋ, ನೀವ್ಯಾರೋ."

ಅವಳ ಮುಖ ನೋಡಿ ಅವನು ದನಿ ಮೆತ್ತಗೆ ಮಾಡಿದ.

"ಹೊಲಿಯೋಕೆ ಮುಂಚೆ ಗುಂಡುಸೂಜಿ ಚುಚ್ಚಿಡ್ತಾರಲ್ಲ, ಇದು ಹಾಗೆ. ಹೊಲಿಗೆ ಬೇರೆ ಇದೆ. ಕಿಟಕಿ ತೆರೆಯೋವಾಗ ಅದು ಮೊದಲು ಓದಿಕೊಳ್ಳೋ ಒಂದು ಫೈಲ್ ಇರತ್ತೆ. ಈ ಸಾಲು ಅದರಲ್ಲಿ ಬರೆದಿಟ್ರೆ ಆಯ್ತು, ದಿನಾ ತಾನಾಗೇ ನೆನಪಿಟ್ಕೊಳ್ಳತ್ತೆ. ಮೇಲೆ ಹೋಗಿ, ಅಲ್ಲಿಂದಲೇ ನಿಮ್ಮ ಯಂತ್ರದೊಳಗೆ ಬಂದು ಬರೆದಿಡ್ತೀನಿ. ನೀವು ಕೆಲಸ ಮಾಡ್ತಿರಿ."

ಬಾಗಿಲ ಬಳಿ ಹೋದವನು ತಿರುಗಿ ನಿಂತ. "ದೀಪ ಆರಿಸಿ ಹೋಗ್ಲಾ, ಹಾಗೇ ಬಿಡ್ಲಾ? ಮತ್ತೆ ಯಾರಾದ್ರೂ ಹಸ್ಕೊಂಡು ನಿಂತ್ಕೋಬಾರ್ದಲ್ಲ."

ಆಗ ಅವಳಿಗೆ ನಗು ಬಂತು. ತುಟಿ ಕಚ್ಚಿ ಹಿಡಿದರೂ ಬಂತು.

ಮಾರನೆಯ ಬೆಳಿಗ್ಗೆ ಕಪ್ಪು ಕಿಟಕಿ ತೆರೆದರೆ ಮತ್ತೆ ಏನೂ ನೆನಪಿರಲಿಲ್ಲ.

"ಬರೆದಿದ್ದೆನಲ್ಲ," ಎಂದ ಅವನು ಕೆಳಗಿಳಿದು ಬಂದು. "ಬರೆದು, ಮೇಲೆ ಪರೀಕ್ಷೆ ಮಾಡಿಯೂ ನೋಡಿದ್ದೆ. ಸರಿಯಾಗಿತ್ತು."

"ಇಲ್ಲಿ ಇಲ್ಲ."

ಅವನು ಪರದೆ ನೋಡಿದ, ಅವಳನ್ನು ನೋಡಿದ. ತುಟಿಯ ಒಂದು ಕೊನೆ ಮಾತ್ರ ಮೇಲೆದ್ದು, ಇನ್ನೊಂದು ಕೊನೆ ಗಂಭೀರವಾಗಿಯೇ ಉಳಿಯಿತು. ಆ ಸಾಲನ್ನು ಮತ್ತೆ ಟೈಪ್ ಮಾಡಿ, ಬೇಕಿಲ್ಲದಿದ್ದರೂ ಸ್ವಲ್ಪ ಹೊತ್ತು ಕೂತು ಎದ್ದು ಹೋದ.

ಅದರ ಮಾರನೆಯ ದಿನವೂ ಹಾಗೇ ಆಯಿತು. ಅದರಾಚೆ ದಿನವೂ.

ಆ ಅರ್ಧ ನಗು ಅವಳ ತಲೆಗೆ ಹೊಕ್ಕು ಕೂತಿತು. ಇಷ್ಟೆಲ್ಲ ತಿಳಿದವನಿಗೆ ಒಂದು ಸಾಲು ಬರೆದಿಡುವುದು ಬಾರದೆ? ಮಹಾ ಕೆಲಸವೇ ಅದು? ಬರೆದಿದ್ದೇನೆ ಎಂದು ಬಾಯಲ್ಲಿ ಹೇಳುತ್ತಾನೆ, ಬರೆಯುವುದಿಲ್ಲ. ಬರೆದರೆ ಮಾರನೆಯ ದಿನ ಬರಲು ನೆಪ ಇರುವುದಿಲ್ಲ. ಅಷ್ಟೇ, ಮತ್ತೇನಿಲ್ಲ. ಹಾಗೆಂದುಕೊಂಡ ದಿನ ಅವಳು ಮೇಷ್ಟ್ರ ಕೆಮ್ಮಿನ ಜೊತೆಗೆ ಒಂದು ಇಡೀ ವಾಕ್ಯವನ್ನೇ ಕತ್ತರಿಸಿ ಹಾಕಿದ್ದಳು.

ಆ ಸಾಲು ಅವಳಿಗೂ ಬಾಯಿಪಾಠವಾಗಿತ್ತು. ಟೈಪ್ ಮಾಡಲು ಅವನೇ ಬರಬೇಕೆಂದೇನೂ ಇರಲಿಲ್ಲ. ಆದರೂ ಫೋನ್ ಎತ್ತುತ್ತಿದ್ದಳು. ಆಮೇಲಾಮೇಲೆ ಎತ್ತುವ ಅಗತ್ಯವೂ ಬೀಳಲಿಲ್ಲ, ಅವನೇ ಬರತೊಡಗಿದ.

"ಇವತ್ತೂ ಮರೆತಿದೆಯಾ?"

"ಬರೆದಿದೀನಿ ಅಂತ ನೀವಂತೀರಿ, ಇಲ್ಲ ಅಂತ ಅದು ಅನ್ನತ್ತೆ. ನಾನು ಯಾರನ್ನ ನಂಬ್ಲಿ?"

"ನನ್ನನ್ನಂತೂ ಬೇಡ."

"ನೀವೇ ಒಪ್ಕೊಂಡ್ರಲ್ಲ."

"ನಾನೇನು ಒಪ್ಕೊಂಡೆ? ಈ ಕೋಣೆಯಲ್ಲಿ ರಾತ್ರಿ ಏನು ನಡೆಯತ್ತೋ ಯಾರಿಗೆ ಗೊತ್ತು," ಎಂದು ಅವಳ ಕಡೆ ಓರೆಯಾಗಿ ನೋಡಿದ. ಹಾಗೇಕೆ ನೋಡಿದನೆಂದು ಅವಳಿಗೆ ಆಗ ತಿಳಿಯಲಿಲ್ಲ. ಕೆನ್ನೆ ಬಿಸಿಯಾದದ್ದು ಮಾತ್ರ ತಿಳಿಯಿತು.

ಒಂದು ದಿನ ಅವಳು ಹೆಡ್‌ಫೋನಿನ ಒಂದು ಬಟ್ಟಲನ್ನು ತನ್ನ ಕಿವಿಗಿಟ್ಟುಕೊಂಡು, ಇನ್ನೊಂದನ್ನು ಅವನತ್ತ ಚಾಚಿದಳು. ಅದರ ಕಮಾನು ಚಿಕ್ಕದು. ಕೇಳಬೇಕೆಂದರೆ ಅವನು ತಲೆ ತಗ್ಗಿಸಿ ಹತ್ತಿರ ಬರಲೇಬೇಕಿತ್ತು. ಬಂದ.

"ಮೇಷ್ಟ್ರು ಈಗೊಂದು ತಮಾಷೆಯ ವಾಕ್ಯ ಓದ್ತಾರೆ. ಅದಕ್ಕೆ ಮುಂಚೆ ಕೇಳಿಸ್ಕೊಳ್ಳಿ. ಉಸಿರು ಒಳಗೆ ಹೋಗತ್ತೆ, ಹೊರಗೆ ಬರಲ್ಲ, ನಿಂತ್ಕೊಳ್ಳತ್ತೆ. ಕೇಳಿಸ್ತಾ?"

"ಹೂಂ."

"ನಿಮಗೂ ಇದೇ ಅಭ್ಯಾಸ ಇದೆ. ತಮಾಷೆಗೆ ಮುಂಚೆ ಉಸಿರು ಹಿಡೀತೀರಿ."

ಅವನು ಏನೋ ಹೇಳಲು ಹೋದ. ಉಸಿರು ಒಳಗೆಳೆದ. ಎಳೆದದ್ದು ತನಗೇ ಕೇಳಿಸಿ, ಬಿಡುವುದೋ ಹಿಡಿಯುವುದೋ ತಿಳಿಯದೆ ಸುಮ್ಮನಾದ. ಅಷ್ಟು ಹತ್ತಿರದಲ್ಲಿ ಅವನ ರೆಪ್ಪೆಗಳು ಒಂದು ಸಲ ಕೆಳಗಿಳಿದು ನಿಧಾನವಾಗಿ ಮೇಲೆದ್ದದ್ದನ್ನು ಅವಳು ನೋಡಿದಳು. ಹೆಡ್‌ಫೋನಿನಲ್ಲಿ ಮೇಷ್ಟ್ರು ತಮ್ಮ ಪಾಡಿಗೆ ತಾವು ಮುಂದಿನ ಪುಟ ಓದುತ್ತಿದ್ದರು.

"ಹೀಗೆಲ್ಲ ಹೇಳಿಬಿಟ್ರೆ ಮನುಷ್ಯ ಮಾತಾಡೋದು ಹೇಗೆ ಕತ್ತರಿ ಮೇಡಂ," ಎಂದು ಅವನು ಎದ್ದ.

ಅಲ್ಲಿಂದ ಅವಳಿಗೆ ನೆಮ್ಮದಿ ಎನ್ನುವುದು ಹೋಯಿತು. ಬೆಳಿಗ್ಗೆ ಬಸ್ಸು ನಿಧಾನ ಎನ್ನಿಸುವುದು. ಬಂದು ಕೂತರೆ ಬಾಗಿಲ ಕಡೆಗೇ ಧ್ಯಾನ. ಹೆಜ್ಜೆ ಸದ್ದು ಒಳಗೆ ಕೇಳುವುದಿಲ್ಲವೆಂದು ಗೊತ್ತಿದ್ದೂ ಹೆಡ್‌ಫೋನ್ ತೆಗೆದು ಕಿವಿ ನಿಗುರಿಸಿ ಕೂರುವುದು. ಅವನು ಬಂದು ಹೋದ ಮೇಲೆ ಇನ್ನೂ ಕಷ್ಟ. ಅವನು ಹೇಳಿದ ಮಾತುಗಳನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿ ಓಡಿಸಿ ಕೇಳುವುದು. ಧ್ವನಿಮುದ್ರಣವಾದರೆ ಒಂದು ಕಡೆ ನಿಲ್ಲಿಸಬಹುದು. ಇದನ್ನು ನಿಲ್ಲಿಸುವ ಗುಂಡಿ ಎಲ್ಲಿದೆ?

ಹೀಗಿರುವಾಗ ಒಂದು ಶನಿವಾರ ಅವನು ಸಾಲು ಟೈಪ್ ಮಾಡಿ ಮುಗಿಸಿ, ಎದ್ದು ಹೋಗದೆ, ಕೀಲಿಮಣೆಯ ಧೂಳನ್ನು ಬೆರಳಿಂದ ಒರೆಸುತ್ತಾ ಕೂತ.

"ನನಗೆ ಬೇರೆ ಶಾಖೆಯಿಂದ ಕರೆ ಬಂದಿದೆ. ರೈಲಲ್ಲಿ ಒಂದು ಇಡೀ ದಿನದ ದಾರಿ. ಅಲ್ಲಿ ಎಲ್ಲಾ ಯಂತ್ರಗಳ ಉಸ್ತುವಾರಿ ನನ್ನದೇ ಆಗತ್ತಂತೆ."

"ಓ."

"ಸೋಮವಾರ ಹೋಗಿ ಜಾಗ ನೋಡ್ಕೊಂಡು ಬುಧವಾರ ಬರ್ತೀನಿ. ಶುಕ್ರವಾರದೊಳಗೆ ಹೌದೋ ಅಲ್ಲವೋ ಹೇಳ್ಬೇಕು."

ಅವಳ ಬಾಯಿ ತನ್ನ ಪಾಡಿಗೆ ತಾನು ಮಾತಾಡಿತು. "ಒಳ್ಳೇದಲ್ವಾ. ಹೋಗಿ."

"ಒಳ್ಳೇದಾ?"

"ಬಡ್ತಿ ಅಂದ್ರೆ ಒಳ್ಳೇದೇ ಅಲ್ವಾ?"

ಅವನು ತಲೆಯಾಡಿಸಿದ. ಉಸಿರು ಹಿಡಿಯಲಿಲ್ಲ, ತಮಾಷೆ ಮಾಡಲಿಲ್ಲ. ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ಅದಕ್ಕೆ ಬೇರೆ ಥರ ಮುಚ್ಚಿಕೊಳ್ಳಲು ಬರುವುದೂ ಇಲ್ಲ.

"ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದೀಯಲ್ಲ, ಒಂದು ಕಡೆ ಕೂತ್ಕೋ," ಎಂದಳು ಅತ್ತಿಗೆ ಅವತ್ತು ಸಂಜೆ, ಈರುಳ್ಳಿ ಹೆಚ್ಚುತ್ತಾ. ಅಣ್ಣ ಇನ್ನೂ ಮನೆಗೆ ಬಂದಿರಲಿಲ್ಲ. "ಏನಂತೆ ನಿನ್ನ ಸಿಸ್ಟಂ?"

"ನನ್ನ ಸಿಸ್ಟಂ ಅಂತ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲಮ್ಮ. ಊಟಕ್ಕೆ ಕೂತ್ರೆ ಸಿಸ್ಟಂ ಹಾಗಂದ್ರು, ಕೈ ತೊಳೆಯೋಕೆ ಎದ್ರೆ ಸಿಸ್ಟಂ ಹೀಗಂದ್ರು. ನಿಮ್ಮಣ್ಣ ನಿನ್ನೆ ನನ್ನನ್ನ ಕೇಳಿದ್ರು, ಈ ಸಿಸ್ಟಂ ಯಾವ ಕಂಪನಿದು, ನಮ್ಮನೆಗೂ ಒಂದು ತರೋಣ ಅಂತ."

ಅವಳು ನಗಲು ಹೋಗಿ, ಆಗದೆ, ಎಲ್ಲವನ್ನೂ ಹೇಳಿದಳು.

ಅತ್ತಿಗೆ ಚಾಕು ಕೆಳಗಿಟ್ಟಳು. "ಅವನು ಬೇಕಂತ್ಲೇ ಬರೆಯದೆ ಬಿಡ್ತಾನೆ ಅಂತ ಖಾತ್ರಿನಾ ನಿನಗೆ?"

"ಬರೆದಿದ್ರೆ ಯಾಕಿರಲ್ಲ ಅತ್ತಿಗೆ?"

"ಹಾಗಾದ್ರೆ ಪಾಪ ಅವನು ದಿನಾ ಬಂದು ಹೇಳ್ತಾನೇ ಇದಾನೆ. ಇನ್ನೂ ಹೇಗೆ ಹೇಳ್ಬೇಕು? ನೀನು ಒಂದೇ ಒಂದು ದಿನ ಬಾಯಿ ಬಿಡು. ಹೋಗ್ಬೇಡಿ ಅನ್ನು. ನಾಲಿಗೆ ಸವೆದು ಹೋಗತ್ತಾ?"

ಬುಧವಾರ ಅವನು ಹಿಂದಿರುಗುತ್ತಾನೆ. ಬುಧವಾರ ಬೆಳಿಗ್ಗೆ ಯಂತ್ರ ಮರೆತಿರುತ್ತದೆ, ಅವನು ಬರುತ್ತಾನೆ, ತಾನು ಹೇಳುತ್ತೇನೆ. ಅವಳು ಹಾಗೆಂದು ನಿಶ್ಚಯ ಮಾಡಿಕೊಂಡಳು. ಆ ನಿಶ್ಚಯ ಹೊಸ ಚಪ್ಪಲಿಯ ಹಾಗೆ ಹೆಜ್ಜೆ ಹೆಜ್ಜೆಗೂ ಕಚ್ಚುತ್ತಿತ್ತು.

ಮಂಗಳವಾರ ಬಾಗಿಲು ತೆರೆದು ಒಳಗೆ ಬಂದದ್ದು ಮೇಲಿನ ಮಹಡಿಯ ಹಿರಿಯ ಮೇಡಂ. ಮೊದಲ ದಿನ ಫೋನಿನಲ್ಲಿ ಆಕಳಿಸಿದ ದನಿಯ ಒಡತಿ, ಅವನ ಮೇಲಧಿಕಾರಿ.

"ನಿಮ್ಮ ಯಂತ್ರಕ್ಕೆ ಮರೆವಿನ ರೋಗ, ನಾನಿಲ್ಲದಾಗ ಸ್ವಲ್ಪ ನೋಡ್ಕೊಳ್ಳಿ ಅಂತ ಹೇಳಿ ಹೋಗಿದಾನೆ. ಸರೀರಿ."

"ಬೇಡ ಮೇಡಂ, ಸಾಲು ನಾನೇ ಟೈಪ್ ಮಾಡ್ಕೊಂಡಿದೀನಿ."

"ದಿನಾ ಒಪ್ಪಿಸೋಕೆ ಇದೇನು ಮಗ್ಗೀನಾ? ಸರೀರಿ ಅಂದ್ರೆ."

ತಡೆಯಲು ಅವಳಿಗೆ ಕಾರಣವೊಂದೂ ಹೊಳೆಯಲಿಲ್ಲ. ಮೇಡಂ ಕನ್ನಡಕ ಏರಿಸಿ ಎರಡು ಫೈಲು ತೆರೆದರು, ಮುಚ್ಚಿದರು. ಅವರ ಮುಖದಲ್ಲಿ ಮೊದಲ ಬಾರಿಗೆ ನಗುವಿನಂಥದ್ದು ಕಂಡಿತು.

"ಅಯ್ಯೋ ಮಾರಾಯ. ಬರೆದಿದಾನಲ್ರೀ. ಸಾಲು ಇಲ್ಲೇ ಇದೆ."

"ಎಲ್ಲಿ?"

"ತಪ್ಪು ಫೈಲಲ್ಲಿ. ನೋಡಿ, ಇವು ಎರಡು ಇರ್ತವೆ. ಹೊರಗಿಂದ ಹೆಸರು, ಪಾಸ್‌ವರ್ಡ್ ಹೇಳಿ ಲಾಗಿನ್ ಆಗಿ ಬರೋವ್ರಿಗೆ ಒಂದು. ಇಲ್ಲೇ ಕೂತು ಸುಮ್ನೆ ಕಿಟಕಿ ತೆರೆಯೋವ್ರಿಗೆ ಇನ್ನೊಂದು. ಅವನು ಮೇಲಿಂದ ಬರೋನು, ಬಾಗಿಲಿಂದ ಬಂದವರು ಓದೋ ಫೈಲಲ್ಲಿ ಬರೆದ. ಪರೀಕ್ಷೆ ಮಾಡಿದಾಗ ಅವನಿಗೆ ಸರಿಯಾಗೇ ಕಂಡಿರತ್ತೆ. ನೀವು ಮನೆಯೊಳಗೇ ಇರೋರು. ನಿಮ್ಮ ಕಿಟಕಿ ಆ ಫೈಲನ್ನ ಓದೋದೇ ಇಲ್ಲ."

"ಅಂದ್ರೆ... ಯಾವಾಗ ಬರೆದಿದ್ದು?"

"ತಾರೀಖು ಇದೆಯಲ್ಲ ಇಲ್ಲಿ. ನೀವು ಫೋನಲ್ಲಿ ನನ್ನ ಮೇಲೆ ಕೂಗಾಡಿದ ದಿನವೇ." ಮೇಡಂ ಎದ್ದು ನಿಂತರು. "ಕೂತ್ಕೊಳ್ಳಿ, ನಿಮ್ಮ ಕೈಯಲ್ಲೇ ಬರೆಸ್ತೀನಿ. ಫೈಲ್ ಹೀಗೆ ತೆರೆಯೋದು. ಸಾಲು ಇಲ್ಲಿ. ಹೀಗೆ ಉಳಿಸೋದು. ಈಗ ಕಿಟಕಿ ಮುಚ್ಚಿ, ಹೊಸದು ತೆರೀರಿ. ಬಂತಾ? ಕಲಿತುಕೊಂಡ್ರಲ್ಲ, ಇನ್ಮೇಲೆ ನೀವು ಯಾರನ್ನೂ ಕರೀಬೇಕಾಗಿಲ್ಲ."

ಬಂದಿತ್ತು. ಯಂತ್ರಕ್ಕೆ ಎಲ್ಲವೂ ನೆನಪಿತ್ತು.

ಮೇಡಂ ಹೋದರು. ಹಾಗಾದರೆ ಅವನು ಮೊದಲ ದಿನವೇ ಬರೆದಿದ್ದ. ಬರೆದಿದ್ದೇನೆ ಎಂದದ್ದು ನಿಜವೇ ಆಗಿತ್ತು. ನೆಪ ಇರಲಿಲ್ಲ, ಆಟ ಇರಲಿಲ್ಲ. ದಿನವೂ ದೂರು ಹೇಳುವ ಹೆಂಗಸೊಬ್ಬಳ ಕೋಣೆಗೆ ಅವನು ದಿನವೂ ಕೆಲಸಕ್ಕೆ ಬಂದು ಹೋಗಿದ್ದ. ಆ ಅರ್ಧ ನಗು? ಬಾಯಿ ಮುಚ್ಚಿಕೊಂಡು ಸಹಿಸುವವರೂ ಹಾಗೇ ನಗುತ್ತಾರೆ. ಒಂದೊಂದು ಬೆಳಗನ್ನೂ ತೆಗೆದು ನೋಡಿದಳು. ಒಂದೊಂದರಿಂದಲೂ ಬಣ್ಣ ಬಿಟ್ಟುಕೊಂಡು ಹೋಗಿತ್ತು.

"ಯಂತ್ರ ರಿಪೇರಿ ಆಯ್ತು ಅಂತ ಅಳೋಳನ್ನ ಇವತ್ತೇ ನೋಡಿದ್ದು ನಾನು," ಎಂದಳು ಅತ್ತಿಗೆ ಅವತ್ತು ರಾತ್ರಿ. ಆದರೆ ತಲೆ ನೇವರಿಸಿದಳು.

ಬುಧವಾರ ಅವನು ಬರಲಿಲ್ಲ.

ಊರಿಗೆ ಬಂದಿದ್ದ, ಕೋಣೆಗೆ ಬರಲಿಲ್ಲ. ಬೆಳಿಗ್ಗೆ ಕಾರಿಡಾರಿನ ಆ ಕೊನೆಯಲ್ಲಿ ಮೆಟ್ಟಿಲು ಹತ್ತುವಾಗ ಅವನ ಬೆನ್ನು ಕಂಡಿತು. ಅವನು ಒಂದು ಕ್ಷಣ ನಿಂತ, ತಿರುಗುವ ಹಾಗೆ ಮಾಡಿದ, ತಿರುಗದೆ ಹತ್ತಿ ಹೋದ. ಮೇಡಂ ಹೇಳಿರಬೇಕು. ಇನ್ನೇಕೆ ಬರುತ್ತಾನೆ?

ಅವಳು ಕಪ್ಪು ಕಿಟಕಿ ತೆರೆದಳು. ಅದು ಒಳ್ಳೆಯ ಮಗುವಿನ ಹಾಗೆ ಎಲ್ಲ ನೆನಪಿಟ್ಟುಕೊಂಡಿತ್ತು. ಮುಚ್ಚಿ ತೆರೆದಳು. ಆಗಲೂ ನೆನಪಿತ್ತು. ಆಫ್ ಮಾಡಿ ಆನ್ ಮಾಡಿದಳು. ಎಷ್ಟು ಮರೆಸಿದರೂ ಮರೆಯದು. ಇಷ್ಟು ದಿನ ಎಲ್ಲಿಟ್ಟಿದ್ದೆ ಈ ಜಾಣತನವನ್ನ ಎಂದು ಅದನ್ನೇ ಬೈದಳು.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಅವಳ ಕೈಲಿ ಆಗಲಿಲ್ಲ. ನೀರು ಕುಡಿಯಲು ಎದ್ದು, ಕುಡಿಯದೆ ಬಂದಳು. ಮೆಟ್ಟಿಲ ತನಕ ಹೋಗಿ ಹಿಂದಕ್ಕೆ ಬಂದಳು. ಮೇಲಿನ ಮಹಡಿಯಲ್ಲಿ ಎಲ್ಲರೂ ಸಾಲಾಗಿ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಅಷ್ಟು ಜನರ ಎದುರು ಹೋಗಿ ಏನೆನ್ನುವುದು? ಅವನು ಕೆಳಗೆ ಬಂದರೆ ಮಾತ್ರ ಹೇಳಲಾದೀತು. ಅವನು ಬರಬೇಕಾದರೆ ಯಂತ್ರ ಮರೆಯಬೇಕು. ನಾಳೆ ಶುಕ್ರವಾರ.

ಮಾಡುವುದು ಸಣ್ಣತನ ಎಂದು ಗೊತ್ತಿತ್ತು. ಆದರೂ ಮೇಡಂ ಹೇಳಿಕೊಟ್ಟ ಹಾಗೆಯೇ ಫೈಲ್ ತೆರೆಯುವ ಆಜ್ಞೆ ಕೊಟ್ಟಳು. ಒಂದು ಸಾಲು ಅಳಿಸಿದರೆ ಆಯಿತು.

ಫೈಲ್ ತೆರೆದುಕೊಳ್ಳಲಿಲ್ಲ. ಅದರ ಬದಲು ಪರದೆಯ ತುಂಬ ಎಚ್ಚರಿಕೆಯ ಸಾಲುಗಳು ಬಂದವು. ನಿಧಾನವಾಗಿ ಓದಿದಳು. ಈ ಫೈಲನ್ನು ಬೇರೊಂದು ಕಡೆಯಿಂದ ಈಗಾಗಲೇ ಯಾರೋ ತೆರೆದು ಕೂತಿದ್ದಾರೆ, ತಿದ್ದುತ್ತಿರಬಹುದು, ಹುಷಾರು. ಅಷ್ಟೇ ಅದರ ತಾತ್ಪರ್ಯ.

ಈಗ. ಇದೇ ಹೊತ್ತಿನಲ್ಲಿ. ಅವಳ ಆ ಒಂದೇ ಸಾಲನ್ನು.

ಮೇಡಂ ಊಟ ಮುಗಿಸಿ ಹೊರಗೆ ಅಡ್ಡಾಡುತ್ತಿದ್ದುದನ್ನು ಅವಳು ನೀರಿಗೆಂದು ಎದ್ದಾಗ ಕಾರಿಡಾರಿನ ಕಿಟಕಿಯಲ್ಲಿ ಕಂಡಿದ್ದಳು. ಅವಳ ಯಂತ್ರದೊಳಗೆ ಬರಬಲ್ಲವರು ಮೇಲಿನ ಮಹಡಿಯಲ್ಲಿ ಇನ್ನೊಬ್ಬರೇ ಇದ್ದದ್ದು.

ಫೋನ್ ಎತ್ತಿದಳು. ಆ ಕಡೆ ಮೊದಲ ಗಂಟೆಗೇ ತೆಗೆದರು. ಮಾತಿಲ್ಲ. ಉಸಿರು ಮಾತ್ರ. ಯಾರದೆಂದು ಅವಳು ಕೇಳಬೇಕಾಗಿರಲಿಲ್ಲ.

"ನನ್ನ ಫೈಲು ತೆರೆದಿದೀರಾ?"

"ಹೂಂ."

"ಯಾಕೆ?"

ಉಸಿರು ಒಳಗೆ ಹೋಯಿತು. ತಮಾಷೆ ಬರುತ್ತದೆ ಎಂದುಕೊಂಡಳು. ಬರಲಿಲ್ಲ.

"ಅಳಿಸೋಣ ಅಂತ."

ಅವಳು ಕುರ್ಚಿಯ ಕೈ ಹಿಡಿದುಕೊಂಡಳು.

"ನಾನು ಇದನ್ನ ತೆರೆದಿದೀನಿ ಅಂತ ನಿಮಗೆ ಹೇಗೆ ಗೊತ್ತಾಯ್ತು?" ಎಂದ ಅವನು. "ನೀವೂ ತೆರೆದ್ರೆ ಮಾತ್ರ ಗೊತ್ತಾಗತ್ತೆ. ನೀವ್ಯಾಕೆ ತೆರೆದ್ರಿ?"

ಮೆತ್ತೆ ಹೊಡೆದ ಆ ಕೋಣೆಯಲ್ಲಿ ಅಡಗಿಕೊಳ್ಳಲು ಒಂದು ಸಣ್ಣ ಸದ್ದೂ ಇರಲಿಲ್ಲ.

"ನಾನೂ ಅದಕ್ಕೇ," ಎಂದಳು.

ಫೋನ್ ಇಟ್ಟ ಸದ್ದು ಕೇಳಿತು. ಅವಳು ಇನ್ನೂ ಕಿವಿಯಿಂದ ತೆಗೆದಿರಲಿಲ್ಲ, ಬಾಗಿಲು ತೆರೆದುಕೊಂಡಿತು. ಮೆಟ್ಟಿಲನ್ನು ಇಳಿದಿದ್ದನೋ ಹಾರಿದ್ದನೋ. ಏದುಸಿರು ಬಿಡುತ್ತಿದ್ದ.

"ಕೂತ್ಕೊಳ್ಳಿ."

"ಇಲ್ಲ. ಕೂತ್ರೆ ಹೇಳೋದು ಮರೆತುಹೋಗತ್ತೆ." ನಿಂತೇ ಹೇಳಿದ. "ನೀವು ದಿನಾ ರಾತ್ರಿ ಆ ಸಾಲು ಅಳಿಸಿ ಮನೆಗೆ ಹೋಗ್ತೀರಿ ಅಂದ್ಕೊಂಡಿದ್ದೆ."

"ನಾನಾ?"

"ನಾನು ಬರೆದಿದ್ದು ನಿಜ. ಮೇಲೆ ನೋಡಿದ್ರೆ ಸರಿಯಾಗಿದ್ದದ್ದೂ ನಿಜ. ಬೆಳಿಗ್ಗೆ ನೋಡಿದ್ರೆ ಇಲ್ಲ ಅಂತೀರಿ, ನಗು ತಡ್ಕೊಂಡು. ಇನ್ನೇನು ಅಂದ್ಕೊಳ್ಲಿ? ನನ್ನನ್ನ ಕರೆಸೋಕೆ ಅಳಿಸ್ತಾರೆ ಅಂತ ಖುಷಿಯಾಯ್ತು."

"ನೀವು ಬರೋಕೆ ನೆಪ ಬೇಕು ಅಂತ ಬರೀತಾನೇ ಇಲ್ಲ ಅಂತ ನಾನಂದ್ಕೊಂಡಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಗಬೇಕೋ ನಾಚಬೇಕೋ ಇಬ್ಬರಿಗೂ ತೋಚಲಿಲ್ಲ.

"ಫೈಲ್ ತೆರೆದು ನೋಡಿದ್ರೆ ನಿಮಗೆ ಗೊತ್ತಾಗ್ತಿತ್ತಲ್ಲ," ಎಂದಳು ಅವಳು ಮೆಲ್ಲಗೆ. "ಸಾಲು ಅಲ್ಲೇ ಇದೆ, ನಾನು ಅಳಿಸಿಲ್ಲ ಅಂತ."

"ಗೊತ್ತಾಗ್ತಿತ್ತು. ಅದಕ್ಕೇ ನೋಡ್ಲಿಲ್ಲ."

"ಅಂದ್ರೆ?"

"ಎಲ್ಲಾರ ಯಂತ್ರದಲ್ಲೂ ಮೊದಲು ಅದನ್ನೇ ನೋಡೋನು ನಾನು. ನಿಮ್ಮದನ್ನ ಮಾತ್ರ, ಬರೆದಿಟ್ಟ ಮೇಲೆ ಒಂದು ದಿನವೂ ತೆರೀಲಿಲ್ಲ. ತೆರೆದು, ಸಾಲು ಅಲ್ಲೇ ಇದ್ದುಬಿಟ್ರೆ ಅಂತ ಭಯ. ನೀವು ಅಳಿಸ್ತಿಲ್ಲ ಅಂತ ಆಗಿಬಿಡತ್ತಲ್ಲ. ನಿನ್ನೆ ಮೇಡಂ ನಗ್ತಾ ಹೇಳಿದ್ರು, ನಿನ್ನ ಸಾಲು ಮೊದಲ ದಿನದಿಂದ ಅಲ್ಲೇ ಬಿದ್ದಿದೆ ಅಂತ. ಎಲ್ರೂ ನಕ್ಕರು. ನನಗೆ ಮಾತ್ರ..." ಮುಂದಿನ ಪದ ಸಿಗದೆ ಕೈ ಬಿಚ್ಚಿದ. "ಎರಡು ದಿನದಿಂದ ಕೆಲಸ ಮಾಡಿಲ್ಲ. ಇವತ್ತು ಬೆಳಿಗ್ಗೆಯಿಂದ, ಅವರು ನಿಮ್ಮ ಕೈಲಿ ಬರೆಸಿದ ಫೈಲ್ ತೆರೆದಿಟ್ಕೊಂಡು ಕೂತಿದೀನಿ. ಅಳಿಸಿದ್ರೆ ನೀವು ಕರೀತೀರಿ. ಆದ್ರೆ ನಿಮ್ಮ ಕೆಲಸ ಮತ್ತೆ ಕಸದ ಬುಟ್ಟಿಗೆ ಹೋದ್ರೆ? ಕೈ ಬರಲಿಲ್ಲ."

ದಿನವೆಲ್ಲ ಬೇರೆಯವರ ತೊದಲನ್ನು ಕತ್ತರಿಸುವವಳು ತಾನೇ ತೊದಲಿದಳು.

"ಅಲ್ಲಿ... ಆ ಶಾಖೆ... ಜಾಗ ಚೆನ್ನಾಗಿದೆಯಾ?"

"ಚೆನ್ನಾಗಿದೆ."

"ಹೋಗ್ಬೇಡಿ."

ಹೇಳಿಬಿಟ್ಟಿದ್ದಳು.

ಅವನು ಅವಳ ಮೇಜಿನ ಫೋನನ್ನು ತನ್ನತ್ತ ಎಳೆದುಕೊಂಡು, ಜೇಬಿನಿಂದ ಒಂದು ಚೀಟಿ ತೆಗೆದು ನೋಡಿ, ನಂಬರು ಒತ್ತಿದ. ಅವನ ಕಿವಿಯ ಪಕ್ಕದ ಬೆಳ್ಳಿ ಎಳೆ ಬೆವರಿಗೆ ಅಂಟಿಕೊಂಡಿತ್ತು.

"ಸರ್, ನಮಸ್ಕಾರ. 'ಶುಕ್ರವಾರ ಹೇಳ್ತೀನಿ' ಅಂದಿದ್ನಲ್ಲ, ಇವತ್ತೇ ಹೇಳ್ತಿದೀನಿ. ನಾನು ಬರೋದಿಲ್ಲ." ಆ ಕಡೆಯವರು ಏನೋ ಜೋರಾಗಿ ಕೇಳಿದರು. "ಇಲ್ಲ ಸರ್, ಜಾಗದ ತೊಂದರೆ ಏನಿಲ್ಲ. ಕಾರಣ..." ಉಸಿರು ಒಳಗೆ ಹೋಗಿ ನಿಂತಿತು. ಕಣ್ಣು ಅವಳ ಮೇಲೇ ಇತ್ತು. "ಮದುವೆ ಮಾಡ್ಕೋತಿದೀನಿ ಸರ್. ಯಾವಾಗಾ? ಒಂದು ನಿಮಿಷ, ಕೇಳಿ ಹೇಳ್ತೀನಿ."

ಫೋನಿನ ಬಾಯಿಗೆ ಅಂಗೈ ಮುಚ್ಚಿ ನಿಂತ.

"ಇದೇನು ಕೇಳಿದ ಹಾಗಾಯ್ತಾ?" ಎಂದಳು ಅವಳು. ಸಿಟ್ಟು ಮಾಡಲು ಹೋದ ದನಿ ನಡುವೆಯೇ ಒಡೆಯಿತು.

"ಇಲ್ಲ. ಸರಿಯಾಗಿ ಕೇಳ್ತೀನಿ. ಮೊದಲು ಇವರನ್ನ ಕಳಿಸ್ಲಾ?"

"ಕಳಿಸಿ."

"ಸರ್, ಆಮೇಲೆ ಹೇಳ್ತೀನಿ," ಎಂದು ಫೋನ್ ಇಟ್ಟ. ಕುರ್ಚಿ ಎಳೆದು ಕೂತ. ಇಬ್ಬರ ಮೊಣಕಾಲುಗಳ ನಡುವೆ ಒಂದು ಗೇಣೂ ಉಳಿಯಲಿಲ್ಲ. ಆಮೇಲೆ ಅವನು ಕೇಳಿದ, ಒಂದು ತಮಾಷೆಯನ್ನೂ ಬೆರೆಸದೆ, ಓದುವವರು ಪುಸ್ತಕದ ಮೊದಲ ವಾಕ್ಯ ಓದುವಷ್ಟು ಜಾಗರೂಕನಾಗಿ.

ಅವಳು "ಹೂಂ" ಎಂದಳು.

ಸೂಜಿ ಬಿದ್ದರೂ ಕೇಳುವ ಕೋಣೆ ಅದು. ಅವನು ಮಾತ್ರ ಇನ್ನಷ್ಟು ಮುಂದಕ್ಕೆ ಬಾಗಿ, "ಕೇಳಿಸಲಿಲ್ಲ," ಎಂದ.

ಅವಳು ಇನ್ನೊಂದು ಸಲ ಹೇಳಿದಳು.